ಒಂಟಿ ಸೀನಿಗೆ ಕೂರುವ ಜಾರುಮಣೆ

“ನೋಡ್ರಿ, ಈಗ ನಾ ಬೀಳ್ತೀನಿ ಅಂತ ನಿಮಗ ಅನಸ್ತೈತಿ. ಬೀಳೂದಿಲ್ಲ!” ಎಂದು ಅಡಿವೆಪ್ಪ ಕಾಕಾ ಮೇಲಿನಿಂದ ಕೂಗಿದರು.

ಅವರು ನಿಂತಿದ್ದದ್ದು ಹುಬ್ಬಳ್ಳಿಯ ಹೊರಗಿನ ಎಣ್ಣೆ ಗಿರಣಿಯೊಂದರ ಹಿತ್ತಲಿನಲ್ಲಿ, ಶೇಂಗಾ ಸಿಪ್ಪೆಯ ಗುಡ್ಡೆಯ ನೆತ್ತಿಯ ಮೇಲೆ. ಹಿಮದ ಮೇಲೆ ಜಾರುವ ಯಂತ್ರವನ್ನು ಹುಬ್ಬಳ್ಳಿಯಲ್ಲಿ ಪರೀಕ್ಷೆ ಮಾಡಬೇಕೆಂದರೆ ಬೇರೆ ಜಾಗವಿಲ್ಲ. ಕಾಲಿಗೆ ಆಳುದ್ದದ ಎರಡು ಅಲ್ಯೂಮಿನಿಯಂ ಪಟ್ಟಿ, ಬೆನ್ನ ಹಿಂದೆ ಮಡಚಿಟ್ಟ ಕೆಂಪು ರೆಕ್ಸಿನ್ನಿನ ಸೀಟು, ಅಕ್ಟೋಬರ್ ಬಿಸಿಲಿನಲ್ಲಿ ತಲೆಗೆ ಮಂಕಿ ಕ್ಯಾಪ್. ಇದಕ್ಕೆ ಕಾಕಾ ಇಟ್ಟ ಹೆಸರು ಜಾರುಮಣೆ.

ಕಾಕಾ ನನ್ನ ತಂದೆಯ ತಮ್ಮ. ಮೊದಲು ಮೋಟರ್ ವೈಂಡಿಂಗ್ ಮಾಡುತ್ತಿದ್ದರು, ಈಗ ಮನೆಯ ಹಿಂದಿನ ಶೆಡ್ಡಿನಲ್ಲಿ ಯಂತ್ರಗಳನ್ನು ಹುಟ್ಟಿಸುತ್ತಾರೆ. ಕೆಳಗೆ ನೋಡುತ್ತ ನಿಂತವರು ಮೂವರು. ಬಸ್ಸಿನ ಬಾಡಿ ಕಟ್ಟುತ್ತಿದ್ದ ದಾದಾಪೀರ್ ಮಾಮಾ, ಚಿತ್ರಕಲೆ ಕಲಿಸಿ ನಿವೃತ್ತರಾದ ಹೊಸಮನಿ ಮಾಸ್ತರು, ಮತ್ತು ಕಾಕಾನ ಹೆಂಡತಿ ನಿಂಬೆವ್ವ ಚಿಗವ್ವ. ನಾಲ್ಕನೆಯವಳಾಗಿ ನಾನೂ ಇದ್ದೆ. ನನ್ನನ್ನು ಯಾರೂ ಎಣಿಸುವುದಿಲ್ಲ, ಅದು ನನಗೆ ಒಳ್ಳೆಯದೇ.

ಈ ಗೆಳೆಯರು ಪ್ರತಿವರ್ಷ ಎಲ್ಲಿಗಾದರೂ ಹೋಗುತ್ತಾರೆ. ಮೊಣಕಾಲು ಪೂರ್ತಿ ಕೈಕೊಡುವ ಮೊದಲು ಒಮ್ಮೆ ಹಿಮದ ಮೇಲೆ ಜಾರಬೇಕೆಂಬುದು ಮಾಸ್ತರರ ಆಸೆ. ಅವರ ಹಳೆಯ ವಿದ್ಯಾರ್ಥಿಯೊಬ್ಬನ ಪರಿಚಯದಿಂದ ಹಿಮಾಚಲದ ಬೆಟ್ಟವೊಂದರ ಮೇಲೆ ಮರದ ಮನೆಯೂ ಸಿಕ್ಕಿತ್ತು. ಅರವತ್ತು ದಾಟಿದ ಮೊಣಕಾಲಿಗೆ ತಕ್ಕ ಯಂತ್ರವನ್ನು ಮಾಡಿಕೊಡಲು ಕಾಕಾ ಒಪ್ಪಿಕೊಂಡಿದ್ದರು. ಮೈ ವಾಲಿದ ಕೂಡಲೇ ಹಿಂದಿನಿಂದ ಸೀಟು ಎದ್ದು ಬಂದು ಹಿಡಿಯುತ್ತದೆ. ಬೀಳಬೇಕೆಂದರೂ ಬೀಳುವ ಹಾಗಿಲ್ಲ.

ಕಾಕಾ ಜಾರಿದರು. ಸಿಪ್ಪೆಯ ಧೂಳು ಎದ್ದಿತು. ಮಾಸ್ತರರು ಒಮ್ಮೆ ಸೀನಿದರು.

“ನಿಲ್ರಿ! ಒಂಟಿ ಸೀನು!” ಎಂದು ಚಿಗವ್ವ ಕೈ ಎತ್ತಿದಳು.

“ಹೆಂಗ ನಿಲ್ಲಲಿ? ನಡು ಇಳಿಜಾರಿನ್ಯಾಗ ಅದೀನಿ!” ಎನ್ನುತ್ತ ಕಾಕಾ ಅವಳ ಮುಂದೆಯೇ ಹಾದು, ಕೊನೆಯಲ್ಲಿ ಸಿಪ್ಪೆಯೊಳಗೆ ಎದೆಯವರೆಗೆ ಹುಗಿದು ನಿಂತರು. ಬೀಳಲಿಲ್ಲ. ಅಷ್ಟು ನಿಜ.

“ಒಂಟಿ ಸೀನಿಗೆ ನಿಲ್ಲದ ಗಾಡಿ ನಾ ಹತ್ತೂದಿಲ್ಲ,” ಎಂದಳು ಚಿಗವ್ವ. ಪ್ರಯಾಣ ಹೊರಟಾಗ ಯಾರಾದರೂ ಒಂದೇ ಸಲ ಸೀನಿದರೆ ಕೂತು, ಗುಟುಕು ನೀರು ಕುಡಿದು ಏಳಬೇಕು. ಎರಡು ಸೀನಿದರೆ ಶುಭ, ಧಾರಾಳವಾಗಿ ಹೊರಡಬಹುದು. ಈ ನಿಯಮದಿಂದ ನಮ್ಮ ಮನೆಯವರು ತಪ್ಪಿಸಿಕೊಂಡ ರೈಲುಗಳು ಕಡಿಮೆಯಲ್ಲ.

“ನಾವು ಸೀನಿದ್ರ ಅಲ್ಲಾಗ ಶುಕ್ರ್ ಅಂತ ಹೇಳಿ ಮುಂದ ಹೋಗ್ತೀವಿ ನಿಂಬೆವ್ವಕ್ಕಾ. ನಿಮ್ಮಂಗ ಕುಂತಗೋತ ಇರೂದಿಲ್ಲ,” ಎಂದರು ದಾದಾಪೀರ್ ಮಾಮಾ.

“ಅದಕ್ಕ ನಿಮ್ಮ ಸ್ಕೂಟರ್ ವಾರಕ್ಕೊಮ್ಮೆ ಗಟಾರಕ್ಕ ಬೀಳ್ತೈತಿ!” ಎಂದು ಚಿಗವ್ವ ಅವರ ಬಾಯಿ ಮುಚ್ಚಿಸಿದಳು. ಆಮೇಲೆ ಗಂಡನ ಕಡೆ ತಿರುಗಿದಳು. “ಒಂಟಿ ಸೀನಿಗೆ ಕುಂದ್ರಬೇಕು, ಜೋಡಿ ಸೀನಿಗೆ ಹೊಂಡಬೇಕು. ಒಬ್ಬರು ಸೀನಿದ್ರ ಹೊಂಟವರೆಲ್ಲಾ ಕುಂದ್ರಬೇಕು. ಹಂಗ ಮಾಡ್ರಿ, ನಾನೂ ಬರ್ತೀನಿ. ಆದ್ರ ಇದೂ ಕೆಟ್ಟಿತು ಅಂದ್ರ, ಬಂದ ಮರುದಿನ ಶೆಡ್ ಖಾಲಿ ಮಾಡಿ ನನಗ ಕೊಡಬೇಕು. ನನ್ನ ರೊಟ್ಟಿ ವ್ಯಾಪಾರಕ್ಕ ಬರೂ ಆರು ಮಂದಿ ಹೆಣ್ಣುಮಕ್ಕಳು ಅಡಗಿ ಮನ್ಯಾಗ ಮೊಣಕೈಗೆ ಮೊಣಕೈ ಹಚ್ಚಿ ರೊಟ್ಟಿ ಬಡೀತಾರ. ಹೂಂ ಅನ್ರಿ.”

ಸಿಪ್ಪೆಯಲ್ಲಿ ಹುಗಿದುಕೊಂಡೇ ಕಾಕಾ ಹೂಂ ಅಂದರು. ಬೇಡ ಎನ್ನಲು ಅವರಿಗೆ ಬಾಯಿರಲಿಲ್ಲ. ಹೋದ ವರ್ಷ ಅವರ ರೊಟ್ಟಿ ಬಡಿಯುವ ಯಂತ್ರ ಹದಿನೇಳು ರೊಟ್ಟಿಗಳನ್ನು ಕಿಟಕಿಯಿಂದಾಚೆ ಪಕ್ಕದ ಮನೆಯ ಗೋಡೆಗೆ ಬಡಿದಿತ್ತು.

ಆ ಶೆಡ್ ನನಗೂ ಬೇಕಿತ್ತು. ಅವ್ವ ಹಾಸಿಗೆ ಹಿಡಿದಾಗ ನಾನು ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟವಳು. ಅವ್ವ ಹೋದ ಮೇಲೆ ಈ ಮನೆಗೆ ಬಂದೆ. ಬಂದವರೆಲ್ಲ ಎಷ್ಟನೆಯ ತರಗತಿ, ಯಾಕೆ ಬಿಟ್ಟೆ, ಮುಂದೇನು ಎಂದು ಕೇಳುತ್ತಾರೆ. ಶೆಡ್ಡಿನಲ್ಲಿ ಯಾರೂ ಏನೂ ಕೇಳುವುದಿಲ್ಲ. “ಕಸ್ತೂರಿ, ಆ ಕೆಂಪು ವೈರ್ ಹಿಡಿ” ಎನ್ನುತ್ತಾರೆ, ನಾನು ಹಿಡಿಯುತ್ತೇನೆ. ಬೆಸುಗೆ ಹಾಕುವುದು, ಮೋಟರ್ ಬಿಚ್ಚುವುದು, ಎಲ್ಲವನ್ನೂ ನಾನು ಅಲ್ಲೇ ಕಲಿತೆ. ಶೆಡ್ ಹೋದರೆ ಕಾಕಾನಿಗೆ ಇನ್ನೊಂದು ಜಾಗ ಸಿಗಬಹುದು. ನನಗೆ ಸಿಗುವುದಿಲ್ಲ.

ಆದ್ದರಿಂದ ಜಾರುಮಣೆಗೆ ಸೀನು ಕಲಿಸುವ ಕೆಲಸವನ್ನು ನಾನು ಮೈಯೆಲ್ಲ ಕಣ್ಣಾಗಿ ಮಾಡಿದೆ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಮೂರು ದಿನ ಚೀಲಗಳ ನಡುವೆ ಧ್ವನಿಮುದ್ರಣದ ಡಬ್ಬಿ ಹಿಡಿದು ಕೂತೆ. ನನ್ನಂಥವಳಿಗೆ ಹೇಳಿ ಮಾಡಿಸಿದ ಕೆಲಸ ಅದು. ಮಾತಾಡಬೇಕಿಲ್ಲ, ಕಾಯಬೇಕು. ಹಮಾಲರು ಮೂರು ಮೂರಾಗಿ ಸೀನುತ್ತಾರೆ. ದಲಾಲರು ಟವೆಲ್ಲಿನೊಳಗೆ ಸೀನುತ್ತಾರೆ. ಒಟ್ಟು ನಾನೂರ ಹನ್ನೆರಡು ಸೀನು ಸಿಕ್ಕವು. ದಾದಾಪೀರ್ ಮಾಮಾನಿಂದ ಅರವತ್ತು ಸುಳ್ಳು ಸೀನು ತೆಗೆಸಿ, ಇವಕ್ಕೆ ಮೋಸ ಹೋಗಬೇಡ ಎಂದೂ ಯಂತ್ರಕ್ಕೆ ಕಲಿಸಿದೆವು. ಒಂದು ಸೀನು ಬಿದ್ದ ಕೂಡಲೇ ಪಟ್ಟಿಯ ಕೆಳಗಿನ ಉಕ್ಕಿನ ಉಗುರುಗಳು ನೆಲಕ್ಕೆ ನಾಟಬೇಕು, ಸೀಟು ಎದ್ದು ಕೂರಿಸಬೇಕು. ಏಳು ಎಣಿಸುವುದರೊಳಗೆ ಇನ್ನೊಂದು ಬಿದ್ದರೆ ಅದು ಜೋಡಿ, ಹೊರಡಬೇಕು. ನಾಲ್ಕು ಜೊತೆ ಮಣೆಗಳಿಗೂ ಕಾಕಾ ವೈರ್‌ಲೆಸ್ ಸಂಬಂಧ ಕಲ್ಪಿಸಿದರು. ಒಂದು ಕೇಳಿದ್ದನ್ನು ನಾಲ್ಕೂ ಕೇಳುತ್ತವೆ.

“ಮಂದಿ ಯಂತ್ರಕ್ಕ ಲೆಕ್ಕಾ ಕಲಸ್ತಾರ. ನಾ ಸಂಪ್ರದಾಯ ಕಲಿಸೀನಿ!” ಎಂದು ಕಾಕಾ ಮೀಸೆ ತಿರುವಿದರು.

*

ಡಿಸೆಂಬರಿನ ಕೊನೆಯ ವಾರ ಬೆಟ್ಟ ಮುಟ್ಟಿದೆವು. ಕಲ್ಲುಚಪ್ಪಡಿಯ ಮಾಡು, ಒಳಗೆ ಕಬ್ಬಿಣದ ಒಲೆ, ಹೊರಗೆ ಜಗಲಿ. ಜಗಲಿಯ ಮುಂದಿನಿಂದಲೇ ಬಿಳಿಯ ಇಳಿಜಾರು. ರಸ್ತೆ ಬಿಟ್ಟು ಎರಡು ಗಂಟೆ ನಡೆಯಬೇಕು. ಹತ್ತಿರ ಬೇರೆ ಮನೆಯಿಲ್ಲ. ಮನೆ ನೋಡಿಕೊಳ್ಳುವ ಜೋಗಿಂದರ್, ಕೆಳಗೆ ಕೋಲಿಗೆ ಕಟ್ಟಿದ ಹಳದಿ ಬಟ್ಟೆಯನ್ನು ತೋರಿಸಿ ಹಿಂದಿಯಲ್ಲಿ ಏನೋ ಹೇಳಿದ.

“ಆ ಬಟ್ಟಿ ಮಟಾ ಬೆಟ್ಟ ಐತಂತ, ಅದರ ಮುಂದ ಇಲ್ಲಂತ,” ಎಂದು ದಾದಾಪೀರ್ ಮಾಮಾ ಅರ್ಥ ಹೇಳಿದರು. “ಬರೇ ಕಂದಕ.”

ಮರುದಿನ ಬೆಳಿಗ್ಗೆ ನಾಲ್ವರೂ ಸಾಲಾಗಿ ಮಣೆ ಕಟ್ಟಿಕೊಂಡು ನಿಂತರು. ಚಿಗವ್ವ ಇಳಕಲ್ ಸೀರೆಯ ಮೇಲೆ ಎರಡು ಸ್ವೆಟರ್ ಹಾಕಿದ್ದಳು. ಹೆಜ್ಜೆ ಕೀಳುವ ಮೊದಲೇ ಚಳಿಗೆ ಮಾಸ್ತರರು ಸೀನಿದರು. ಫಟ್! ಹದಿನಾರು ಉಗುರು ಹಿಮಕ್ಕೆ ನಾಟಿದವು, ನಾಲ್ಕು ಕೆಂಪು ಸೀಟು ಎದ್ದವು. ನಾಲ್ವರೂ ಹಿಮಾಲಯಕ್ಕೆ ಮುಖ ಮಾಡಿ, ಮದುವೆ ಪಂಕ್ತಿಯಲ್ಲಿ ಎಲೆ ಬರಲೆಂದು ಕಾಯುವವರ ಹಾಗೆ ಕೂತರು.

“ಎಷ್ಟು ಛಂದ ಕುಂತೈತಿ ನೋಡ್ರಿ!” ಎಂದಳು ಚಿಗವ್ವ. ಮದುವೆಯಾದ ಮೂವತ್ತನಾಲ್ಕು ವರ್ಷಗಳಲ್ಲಿ ಅವಳು ಗಂಡನ ಯಂತ್ರವನ್ನು ಹೊಗಳಿದ್ದು ಅದೇ ಮೊದಲು. ಕಾಕಾನ ಕಣ್ಣು ಒದ್ದೆಯಾದವು.

ಎದ್ದರು. ದಾದಾಪೀರ್ ಮಾಮಾ ಸೀನಿದರು. ಕೂತರು. ಎದ್ದರು. ಕಾಕಾ ಸೀನಿದರು. ಕೂತರು. ಮಧ್ಯಾಹ್ನದವರೆಗೆ ಅವರು ಮೂವತ್ತೊಂದು ಸಲ ಕೂತು, ಇಪ್ಪತ್ತು ಮಾರು ಮುಂದೆ ಹೋಗಿದ್ದರು. ಜೋಗಿಂದರ್ ಬಂದು, ಇದು ನಿಮ್ಮ ಕಡೆಯ ಪೂಜೆಯೇ ಎಂದು ವಿನಯದಿಂದ ಕೇಳಿದ, ಚಪ್ಪಲಿ ಬಿಡಬೇಕೋ ಎಂದೂ ಕೇಳಿದ.

“ಅಡಿವೆಪ್ಪಾ, ಇದು ಜಾರೂದಲ್ಲೋ! ಬಸ್ಕಿ ಹೊಡಿಯೂದು!” ಎಂದು ಮಾಸ್ತರರು ಮೊಣಕಾಲು ಹಿಡಿದು ನರಳಿದರು. “ಸಾಲ್ಯಾಗ ನಾ ಹುಡುಗರಿಗೆ ಕೊಟ್ಟ ಶಿಕ್ಷಾ ಎಲ್ಲಾ ಇವತ್ತ ನನಗ ತಿರಗಿ ಬಂತು.”

ಕಾಕಾ ಒಪ್ಪಿದರು. ಮೊಣಕಾಲಿಗೆ ತೊಂದರೆಯಿರುವುದು ಕೂರುವುದರಲ್ಲಲ್ಲ, ಪದೇ ಪದೇ ಏಳುವುದರಲ್ಲಿ. ಆದ್ದರಿಂದ ಅಂದು ಸಂಜೆ ಯಂತ್ರಕ್ಕೆ ಹೊಸ ಬುದ್ಧಿ ಹೇಳಿದರು. ಒಮ್ಮೆ ಕೂತರೆ ತಾನಾಗಿ ಏಳಬಾರದು. ಜೋಡಿ ಸೀನು ಕೇಳಿದ ಮೇಲೆಯೇ ಏಳಬೇಕು. ಎದ್ದ ಮೇಲೆ ಪಟ್ಟಿಯೊಳಗಿನ ಸಣ್ಣ ಮೋಟರು ಶುಭದ ಹುರುಪಿನಲ್ಲಿ ಸ್ವಲ್ಪ ಜೋರಾಗಿಯೇ ಮುಂದಕ್ಕೆ ತಳ್ಳಬೇಕು. ಸ್ಕ್ರೂ ಬಿಗಿದವಳು ನಾನೇ. ಆಗ ನನಗೂ ಅದರಲ್ಲಿ ತಪ್ಪು ಕಾಣಲಿಲ್ಲ.

*

ಮೂರನೆಯ ದಿನ ಮಧ್ಯಾಹ್ನ ಊಟಕ್ಕೆ ಮುಂಚೆ ಒಂದು ಸುತ್ತು ಜಾರಿ ಬರೋಣವೆಂದು ಗಂಡಸರು ಮೂವರೂ ಜಗಲಿಯ ಮುಂದೆ ಮಣೆ ಕಟ್ಟಿಕೊಂಡು ನಿಂತರು. ಚಿಗವ್ವನ ಮಣೆಗಳು ಜಗಲಿಯ ಮೇಲಿದ್ದವು. ಅವನ್ನು ಅವಳು ಹಗ್ಗದಿಂದ ಕಂಬಕ್ಕೆ ಕಟ್ಟಿದ್ದಳು. ಸೈಕಲ್ಲಾಗಲಿ ಸಿಲಿಂಡರ್ ಆಗಲಿ, ಕಟ್ಟದೆ ಬಿಟ್ಟು ಅವಳಿಗೆ ಅಭ್ಯಾಸವಿಲ್ಲ.

ಒಳಗೆ ಅವಳು ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಕಬ್ಬಿಣದ ಒಲೆಯ ಉರಿ ನಮ್ಮ ಗ್ಯಾಸಿನ ಹಾಗೆ ಮಾತು ಕೇಳುವುದಿಲ್ಲ. ಎಣ್ಣೆ ಹೊಗೆಯಾಡಿತು, ಒಂದು ಮುಷ್ಟಿ ಬ್ಯಾಡಗಿ ಮೆಣಸಿನಕಾಯಿ ಅದರಲ್ಲಿ ಬಿದ್ದು ಕ್ಷಣದಲ್ಲಿ ಕರಿದಾಯಿತು. ಚಳಿಗೆಂದು ಕಿಟಕಿಗಳನ್ನೆಲ್ಲ ಮುಚ್ಚಿದ್ದೆವು. ಘಾಟು ತಿರುಗಲು ಜಾಗವಿಲ್ಲದೆ, ತೆರೆದಿದ್ದ ಒಂದೇ ಬಾಗಿಲಿನಿಂದ ಮೋಡದ ಹಾಗೆ ಹೊರಗೆ ಹೋಯಿತು.

“ಹಾ... ಹಾ...” ಎಂದು ದಾದಾಪೀರ್ ಮಾಮಾನ ದನಿ ಕೇಳಿಸಿತು.

“ತಡಿಯೋ! ತಡಿಯೋ!” ಎಂದು ಕಾಕಾ ಕೂಗಿದ್ದೂ ಕೇಳಿಸಿತು.

ಒಂದು ಸೀನು. ಮೂವರೂ ಕೂತರು. ಅದರ ಬೆನ್ನಿಗೇ ಇನ್ನೊಂದು. ಮೂವರೂ ಎದ್ದರು, ಹೊರಟರು!

ಚಿಗವ್ವ ಸೌಟು ಹಿಡಿದುಕೊಂಡೇ ಹೊರಗೆ ಓಡಿದಳು, ನಾನೂ ಓಡಿದೆ. ಜಗಲಿಯ ಮೇಲೆ ಅವಳ ಖಾಲಿ ಮಣೆಗಳು ತಾಯಿಯ ಕಡೆ ಜಗ್ಗುವ ಕರುವಿನ ಹಾಗೆ ಹಗ್ಗ ಜಗ್ಗುತ್ತಿದ್ದವು. ಇಳಿಜಾರಿನಲ್ಲಿ ಮೂರು ಕೆಂಪು ಸೀಟುಗಳು ಹಳದಿ ಬಟ್ಟೆಯ ಕಡೆ ನೇರವಾಗಿ ಇಳಿಯುತ್ತಿದ್ದವು.

“ಬ್ರೇಕ್ ಎಲ್ಲೈತೋ?” ಎಂದು ದಾದಾಪೀರ್ ಮಾಮಾ ಕಿರುಚಿದರು.

“ಸೀನು! ಒಂದ ಒಂದು ಸೀನು!” ಎಂದು ಕಾಕಾ ಕೂಗಿದರು.

“ಬರವಲ್ದು!”

“ಈಗರ ಎರಡು ಸೀನಿದೆಲ್ಲೋ!”

“ಆವಾಗ ಬಂದಿತ್ತು!”

ಮಾಸ್ತರರು ಬಾಯಿಂದ “ಹಾಕ್ಷೀ! ಹಾಕ್ಷೀ!” ಎಂದು ಕೂಗಿದರು. ಯಂತ್ರ ಅದನ್ನು ಕೇಳಿ ಸುಳ್ಳೆಂದು ತಳ್ಳಿಹಾಕಿತು. ಅಷ್ಟು ಚೆನ್ನಾಗಿ ಕಲಿಸಿದ್ದೆವು. ಮಾಮಾ ಬೇಕೆಂದೇ ಪಕ್ಕಕ್ಕೆ ಬೀಳಲು ನೋಡಿದರು. ಸೀಟು ಅವರನ್ನು ಪ್ರೀತಿಯಿಂದ ಎತ್ತಿ ಮತ್ತೆ ನಿಲ್ಲಿಸಿತು.

“ಚಿಗವ್ವಾ, ನೀ ಸೀನು! ಈ ಮಣೀಗೆ ಕೇಳಿಸಿದ್ರ ಸಾಕು, ಎಲ್ಲಾಕೂ ಮುಟ್ಟತೈತಿ!” ಎಂದೆ. ನಾನು ಅಷ್ಟು ಜೋರಾಗಿ ಮಾತಾಡಿದ್ದು ನನಗೇ ಕೇಳಿ ಹೆದರಿಕೆಯಾಯಿತು.

“ನನಗ ಎಲ್ಲಿ ಬರ್ತೈತಿ ತಂಗಿ!” ಎಂದಳು ಚಿಗವ್ವ. ಅವಳ ಮುಖ ಬೆಳ್ಳಗಾಗಿತ್ತು. ಮೂವತ್ತು ವರ್ಷ ಒಗ್ಗರಣೆ ಹಾಕಿದ ಮೂಗು ಅದು. ಯಾವ ಘಾಟೂ ಅದಕ್ಕೆ ತಾಕುವುದಿಲ್ಲ.

ನನಗೆ ಬರುತ್ತಿತ್ತು. ಒಳಗಿದ್ದಾಗಿನಿಂದಲೇ ಬರುತ್ತಿತ್ತು, ನಾನು ತಡೆದುಕೊಂಡಿದ್ದೆ. ಮಂದಿಯ ಮುಂದೆ ಸೀನಿದರೆ ಎಲ್ಲರೂ ತಿರುಗಿ ನೋಡುತ್ತಾರೆ, ಆದ್ದರಿಂದ ನಾನು ಸೀನುವುದಿಲ್ಲ. ಜಗಲಿಯ ಮೇಲೆ ಮೊಣಕಾಲೂರಿ, ಮಣೆಯ ಕಿವಿಯ ಹತ್ತಿರ ಬಾಗಿ, ಇಷ್ಟು ವರ್ಷ ಹಿಡಿದಿಟ್ಟಿದ್ದನ್ನು ಬಿಟ್ಟುಬಿಟ್ಟೆ. ಅದು ಬೆಟ್ಟಕ್ಕೆಲ್ಲ ಕೇಳುವಷ್ಟು ಜೋರಾಗಿತ್ತು. ಜೋಗಿಂದರ್ ಕೈಯಲ್ಲಿದ್ದ ಸೌದೆ ಬಿಟ್ಟ.

ಫಟ್! ನನ್ನ ಮುಂದಿನ ಮಣೆಯ ಉಗುರು ಜಗಲಿಯ ಹಲಗೆ ಸೀಳಿ ನಾಟಿತು. ಕೆಳಗೆ ಮೂವರೂ ಕೂತರು. ಹಿಮ ಪುಡಿಯಾಗಿ ಎದ್ದು ಅವರನ್ನು ಮುಚ್ಚಿತು. ಪುಡಿ ಇಳಿದಾಗ ಹಳದಿ ಬಟ್ಟೆ ಅವರ ಬೆನ್ನ ಹಿಂದೆ ಇತ್ತು. ದಾದಾಪೀರ್ ಮಾಮಾನ ಪಾದಗಳು ಗಾಳಿಯಲ್ಲಿದ್ದವು.

ಆಗ ನನಗೆ ಎರಡನೆಯದು ಬಂತು.

ಚಿಗವ್ವನಿಗೆ ನನ್ನ ಮುಖ ನೋಡಿ ತಿಳಿಯಿತು. “ತಡಿ ಕಸ್ತೂರಿ! ಬ್ಯಾಡವ್ವಾ! ತಡಿ!”

ಮೂಗು ಹಿಡಿದೆ. ನಾಲಗೆಯನ್ನು ಅಂಗುಳಕ್ಕೆ ಒತ್ತಿದೆ. ಚಿಗವ್ವ ನನ್ನ ಹೆಗಲನ್ನು ಅವುಚಿಕೊಂಡು ಎಣಿಸತೊಡಗಿದಳು. ಮೂರಕ್ಕೆ ಕಣ್ಣಲ್ಲಿ ನೀರು ಬಂತು. ನಾಲ್ಕಕ್ಕೆ ಕಿವಿ ಮುಚ್ಚಿತು. ಐದಕ್ಕೆ ನನಗೆ ಬೆಟ್ಟ ಕಾಣಲಿಲ್ಲ. ಮೂವರ ಬೆನ್ನು ಮಾತ್ರ ಕಂಡಿತು, ಕೆಂಪು ಸೀಟಿನ ಮೇಲೆ ಮೂರು ಸಣ್ಣ ಬೆನ್ನು. ಆರಕ್ಕೆ ಅವಳೂ ನನ್ನ ಮೂಗು ಹಿಡಿದಳು. ಏಳು ಎಂದಾಗ ನಾನು ಜಗಲಿಯ ಅಂಚಿನ ಹಿಮದಲ್ಲಿ ಮುಖ ಹುಗಿದು ಬಿದ್ದಿದ್ದೆ. ಸೀನು ಬರಲಿಲ್ಲ. ಅದು ಒಳಗೆ ಎಲ್ಲಿಗೋ ಹೋಯಿತು.

ಜೋಗಿಂದರ್ ಹಗ್ಗ ಹಿಡಿದು ಇಳಿದ. ಕಾಕಾ ಬಾಯಿ ಮೂಗಿಗೆ ಮಫ್ಲರ್ ಸುತ್ತಿಕೊಂಡು, ಒಬ್ಬೊಬ್ಬರ ಕಾಲಿನ ಕಟ್ಟನ್ನೂ ತಮ್ಮ ಕೈಯಾರೆ ಬಿಚ್ಚಿದರು. ತಮ್ಮದನ್ನು ಕೊನೆಗೆ ಬಿಚ್ಚಿದರು. ಯಾರೂ ಉಸಿರನ್ನೂ ಜೋರಾಗಿ ಬಿಡಲಿಲ್ಲ. ಮಣೆಗಳನ್ನು ಮಾತ್ರ ಕೀಳಲಾಗಲಿಲ್ಲ. ಅವು ಏಳಬೇಕೆಂದರೆ ಜೋಡಿ ಸೀನು ಬೇಕು. ಕಂದಕದ ಅಂಚಿನಲ್ಲಿ ನಿಂತು ಎರಡು ಸಲ ಸೀನಲು ಯಾರೂ ಮುಂದೆ ಬರಲಿಲ್ಲ.

*

ಊಟಕ್ಕೆ ಕೂತೆವು. ಸಾರು ಕಹಿಯಾಗಿತ್ತು.

ಕಾಕಾ ತಟ್ಟೆ ಮುಟ್ಟಲಿಲ್ಲ. “ಕೆಟ್ಟಿತು,” ಎಂದರು. “ಮಾತು ಅಂದ್ರ ಮಾತು. ಊರಿಗೆ ಹೋದ ಮರುದಿನ ಶೆಡ್ ಖಾಲಿ ಮಾಡ್ತೀನಿ ನಿಂಬೆವ್ವಾ. ಇವರಿಬ್ರೂ ನನ್ನ ನಂಬಿ ಕಾಲು ಕೊಟ್ಟಿದ್ರು.”

ಯಾವಾಗಲೂ ಕಾಲೆಳೆಯುವ ದಾದಾಪೀರ್ ಮಾಮಾ ಕೂಡ ತಲೆ ಬಗ್ಗಿಸಿ ರೊಟ್ಟಿ ಮುರಿಯುತ್ತಿದ್ದರು. ನಾನು ನನ್ನ ತಟ್ಟೆಯ ಅಂಚು ನೋಡುತ್ತ ಕೂತೆ. ಶೆಡ್ಡಿನ ಬಾಗಿಲಿಗೆ ಹೊಸ ಬೀಗ ಬಿದ್ದ ಸದ್ದು ಆಗಲೇ ಕೇಳಿದಂತಾಯಿತು.

ಚಿಗವ್ವ ಒಂದು ಪೂರ್ತಿ ರೊಟ್ಟಿಯನ್ನು ನಿಧಾನವಾಗಿ ತಿಂದು ಮುಗಿಸಿದಳು. ಅವಳು ಏನು ತೂಗುತ್ತಿದ್ದಾಳೆಂದು ನನಗೆ ಗೊತ್ತಾಗುತ್ತಿತ್ತು. ಆರು ಮಂದಿಗೆ ಜಾಗ ಬೇಕಿತ್ತು. ಒಂದು ಹೂಂ ಅಂದರೆ ಸಿಗುತ್ತಿತ್ತು.

“ಕೆಟ್ಟಿತು ಅಂತ ಯಾರಂದ್ರು?” ಎಂದಳು ಕೊನೆಗೆ. “ಜೋಡಿ ಸೀನಿಗೆ ಹೊಂಡಬೇಕು ಅಂದಿದ್ದೆ, ಹೊಂಟಿತು. ಒಂಟಿ ಸೀನಿಗೆ ಕುಂದ್ರಬೇಕು ಅಂದಿದ್ದೆ, ಕುಂತಿತು. ಕುಂತ ಜಾಗಾ ಬಿಟ್ಟು ಕದಲಿಲ್ಲ. ಯಂತ್ರ ಕೆಟ್ಟಿಲ್ಲ. ಕೆಟ್ಟಿದ್ದು ನನ್ನ ಒಗ್ಗರಣಿ.”

“ಅಂದ್ರ ಶೆಡ್?” ಎಂದರು ಮಾಸ್ತರರು.

“ಅವರದ. ಮಾತು ಅಂದ್ರ ಮಾತಲ್ಲ?” ಎಂದು ಅವಳು ಕೈ ತೊಳೆಯಲು ಎದ್ದಳು. ಅವಳ ಬೆನ್ನು ನೋಡಿ ನನಗೆ ಸಂತೋಷವಾಗಲಿಲ್ಲ.

“ಚಿಗವ್ವಾ,” ಎಂದೆ.

ಐದೂ ಮುಖ ನನ್ನ ಕಡೆ ತಿರುಗಿದವು. ಜೋಗಿಂದರ್‌ನದೂ ಸೇರಿ.

“ಶೆಡ್ಡಿನ್ಯಾಗ ಅರ್ಧಾ ಜಾಗಾ ಬರೇ ಸತ್ತ ಯಂತ್ರಗೋಳ ಅದಾವು. ರೊಟ್ಟಿ ಬಡಿಯೂದು, ಕೊಡೆ ಒಣಗಸೂದು, ಹಾಲು ಉಕ್ಕಿದ್ರ ಅಳೂದು. ಅವನ್ನ ಗುಜರಿಗೆ ಹಾಕಿದ್ರ ನಾಲ್ಕು ಒಲಿ ಕುಂದರ್ತಾವು. ನಾ ಅಳತಿ ಮಾಡೀನಿ.”

ಕಾಕಾ ಬಾಯಿ ತೆರೆದರು. ಹಾಲಿಗೆ ಅಳುವ ಯಂತ್ರ ಅವರಿಗೆ ಮಗನಿದ್ದ ಹಾಗೆ. ಆಮೇಲೆ ಕಿಟಕಿಯಾಚೆ ದೂರದಲ್ಲಿ ಹಿಮದ ಅಂಚಿಗೆ ಕೂತಿದ್ದ ಮೂರು ಖಾಲಿ ಕೆಂಪು ಸೀಟುಗಳನ್ನು ನೋಡಿ ಬಾಯಿ ಮುಚ್ಚಿದರು. “ಹಾಕ್ರಿ,” ಎಂದರು ಸಣ್ಣ ದನಿಯಲ್ಲಿ. “ನಾ ಮನ್ಯಾಗ ಇಲ್ಲದಾಗ ಹಾಕ್ರಿ.”

“ಎರಡನೇ ಸೀನು ಎಲ್ಲಿ ಹೋತವ್ವಾ ಕಸ್ತೂರಿ?” ಎಂದು ದಾದಾಪೀರ್ ಮಾಮಾ ಕೇಳಿದರು. ಗೊತ್ತಿಲ್ಲ ಎಂದೆ. ಅವರು ತಮ್ಮ ಪಾಲಿನ ಬೆಲ್ಲದ ಹೋಳಿಗೆಯನ್ನು ನನ್ನ ತಟ್ಟೆಗೆ ಹಾಕಿದರು.

*

ಈಗ ಶೆಡ್ಡಿನ ಒಂದು ಬದಿಗೆ ನಾಲ್ಕು ಒಲೆ, ಇನ್ನೊಂದು ಬದಿಗೆ ನಾವು. ಬೆಸುಗೆಯ ಹೊಗೆ, ರೊಟ್ಟಿಯ ಹೊಗೆ ಎರಡೂ ಒಂದೇ ಕಿಟಕಿಯಿಂದ ಹೋಗುತ್ತವೆ. ಜೋಳದ ಹಿಟ್ಟು ಸೇರಿ ಕಾಕಾನ ಎರಡು ಯಂತ್ರ ನಿಂತಿವೆ. ಚಿಗವ್ವನ ಒಂದು ಬುಟ್ಟಿ ರೊಟ್ಟಿಯಲ್ಲಿ ಸ್ಕ್ರೂ ಸಿಕ್ಕಿದೆ. ದಿನಕ್ಕೆ ಎರಡು ಹೊತ್ತು ಜಗಳ ನಡೆಯುತ್ತದೆ. ಆ ಆರು ಮಂದಿಯೂ ನನ್ನನ್ನು ಎಷ್ಟನೆಯ ತರಗತಿ ಎಂದು ಕೇಳಿದರು. ಒಂಬತ್ತು ಎಂದೆ. ಹೌದಾ ಎಂದು ರೊಟ್ಟಿ ತಟ್ಟಿದರು.

ಮಾರ್ಚಿನಲ್ಲಿ ಜೋಗಿಂದರ್ ಫೋನ್ ಮಾಡಿದ. ದಾದಾಪೀರ್ ಮಾಮಾ ಕೇಳಿ ಕೇಳಿ ನಮಗೆ ಹೇಳಿದರು. ಆ ಅಂಚಿನ ಪಕ್ಕದಲ್ಲೇ ಕೆಳಗಿನ ಹಳ್ಳಿಗೆ ಹುಲ್ಲು ಸೌದೆ ಹೊತ್ತು ಹೋಗುವ ಹೆಂಗಸರ ಕಾಲುದಾರಿ. ಹಿಮ ಕರಗಿದರೂ ಉಗುರು ಮಣ್ಣಿನಲ್ಲಿ ಹಾಗೇ ನಾಟಿವೆ. ಹೆಂಗಸರು ಹೊರೆ ಇಳಿಸಿ ಆ ಕೆಂಪು ಸೀಟುಗಳ ಮೇಲೆ ಕೂತು ದಣಿವಾರಿಸಿಕೊಳ್ಳುತ್ತಾರಂತೆ. ಒಬ್ಬಳು ಸೀನಿದರೆ, ಜೋಗಿಂದರ್ ಹೇಳಿಕೊಟ್ಟ ಹಾಗೆ, ಉಳಿದವರು ಏಳು ಎಣಿಸುವವರೆಗೆ ಅವಳ ಮೂಗು ಹಿಡಿಯುತ್ತಾರಂತೆ. ನೆಗಡಿಯಾದವರು ಆ ದಾರಿ ಬಿಟ್ಟು ಅರ್ಧ ಮೈಲಿ ಸುತ್ತಿ ಹೋಗುತ್ತಾರಂತೆ. ಹಳ್ಳಿಯ ಹಿರಿಯರು ಪಂಚಾಯಿತಿ ಸೇರಿಸಿ ಇದನ್ನು ನಿಯಮ ಮಾಡಿದ್ದಾರಂತೆ!

“ಅಯ್ಯ! ಬ್ಯಾಟರಿ ನಾಲ್ಕನೇ ದಿನಕ್ಕ ಸತ್ತಿರ್ತಾವು,” ಎಂದು ಕಾಕಾ ಫೋನಿಗೆ ಕೈ ಚಾಚಿದರು. “ಕೊಡಿಲ್ಲೆ, ಇನ್ನ ಅಂಜೂದು ಬ್ಯಾಡ ಅಂತ ಹೇಳ್ತೀನಿ.”

ಚಿಗವ್ವ ಹಿಟ್ಟಿನ ಕೈಯಿಂದಲೇ ಫೋನ್ ಕಸಿದು ದೂರ ಇಟ್ಟಳು.

“ಏನೂ ಹೇಳಬ್ಯಾಡ್ರಿ. ಮನ್ಯಾಗಂತೂ ಒಬ್ರೂ ನನ್ನ ಮಾತು ಕೇಳಂಗಿಲ್ಲ. ಅಲ್ಲೆರ ಕೇಳ್ಲಿ.”